ಕುತ್ತಿಗೆ ನೋವು: ಕಾಲರ್‌ಗಿಂತ ವ್ಯಾಯಾಮ ಮೇಲು

ಚರ್ಚ್ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕಪತ್ರ ನೋಡುವವರು, ತಲೆ ಬಗ್ಗಿಸಿ ಬೀಡಿ ಕಟ್ಟುವ ತಾಯಂದಿರು, ಉತ್ತರ ಪತ್ರಿಕೆ ತಿದ್ದುವ ಶಿಕ್ಷಕರು, ಮೊಬೈಲ್ ಕೈಬಿಡದ ಯುವಜನರು - ಇವರೆಲ್ಲರ ಬಾಯಲ್ಲಿ ಇಂದು ಕೇಳಿಬರುವ ದೂರು ಒಂದೇ, ಕುತ್ತಿಗೆ ನೋವು. ನಾವೂ ಇದಕ್ಕೆ ಹೊರತಲ್ಲ. ನೋವು ಬಂದಾಗ ಯಾರನ್ನೂ ಕೇಳದೆ ಮೆಡಿಕಲ್ ಶಾಪ್‌ನಿಂದ ಕಾಲರ್ ತಂದು ವಾರಗಟ್ಟಲೆ ಕಟ್ಟಿಕೊಂಡೆವು. ಕಾಲರ್ ತೆಗೆದ ಮೇಲೆ ನೋವು ಮರಳಿ ಬಂತು. ನಮಗೆ ಬೇಕಾಗಿದ್ದದ್ದು ವ್ಯಾಯಾಮ ಎಂದು ತಿಳಿದದ್ದು ಆಮೇಲೆ.

ನೋವು ಏಕೆ ಬರುತ್ತದೆ?

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಕುತ್ತಿಗೆಯ 7 ಮೂಳೆಗಳು ಮತ್ತು ಅವುಗಳ ಸುತ್ತಲಿನ ಸ್ನಾಯುಗಳು ಅದನ್ನು ಹೊರುತ್ತವೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ, ಕೈಚಾಚಿ ಹಿಡಿದರೆ ಭಾರ. ತಲೆಯೂ ಹಾಗೆಯೇ. ಅದು ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಹೆಚ್ಚು ದುಡಿದು ದಣಿಯುತ್ತವೆ. ನೋವಿರುವವರಲ್ಲಿ ಕುತ್ತಿಗೆಯ ಮುಂಭಾಗದ ಒಳಸ್ನಾಯುಗಳು ದುರ್ಬಲವಾಗಿರುವುದು ಸಾಮಾನ್ಯ.

ಆದರೆ ತಲೆ ಮುಂದಕ್ಕೆ ಬಾಗಿದವರಿಗೆಲ್ಲ ನೋವು ಬರುವುದಿಲ್ಲ. ಗಂಟೆಗಟ್ಟಲೆ ಅಲುಗದೆ ಕೂರುವುದು, ನಿದ್ರೆಯ ಕೊರತೆ, ಮಾನಸಿಕ ಒತ್ತಡ ಇವೂ ನೋವನ್ನು ಹೆಚ್ಚಿಸುತ್ತವೆ.

ದೀರ್ಘಕಾಲ ಕಾಲರ್ ಕಟ್ಟಿಕೊಂಡರೆ ಸ್ನಾಯುಗಳು ಕೆಲಸ ಮಾಡದೆ ಇನ್ನಷ್ಟು ಸೋಲುತ್ತವೆ. ಫಿನ್ಲೆಂಡಿನಲ್ಲಿ ಬಹುಕಾಲದಿಂದ ಕುತ್ತಿಗೆ ನೋವಿದ್ದ 180 ಮಂದಿ ಕಚೇರಿ ಮಹಿಳೆಯರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕುತ್ತಿಗೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿದವರ ನೋವು, ಸ್ನಾಯು ಹಿಗ್ಗಿಸುವಿಕೆ ಮತ್ತು ನಡಿಗೆಯಂಥ ವ್ಯಾಯಾಮದ ಸಲಹೆಯನ್ನಷ್ಟೇ ಪಡೆದವರಿಗಿಂತ ಹೆಚ್ಚು ಇಳಿದಿತ್ತು.

ಮನೆಯಲ್ಲೇ ಮಾಡಬಹುದಾದ ಮೂರು ವ್ಯಾಯಾಮಗಳು

1. ತೆಳು ದಿಂಬಿನ ಮೇಲೆ ಅಂಗಾತ ಮಲಗಿ. ತಲೆ ಎತ್ತದೆ, 'ಹೌದು' ಎನ್ನುವಂತೆ ಗಲ್ಲವನ್ನು ಸ್ವಲ್ಪವೇ ಒಳಕ್ಕೆ ತನ್ನಿ. 10 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಬಾರಿ. ಉಸಿರು ಕಟ್ಟಬೇಡಿ.

2. ನೆಟ್ಟಗೆ ಕುಳಿತು ಎರಡೂ ಹೆಗಲುಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು 5 ಸೆಕೆಂಡು ಹಿಡಿಯಿರಿ. 10 ಬಾರಿ.

3. ಅಂಗೈಯನ್ನು ಹಣೆಗಿಟ್ಟು, ತಲೆ ಅಲುಗದಂತೆ ಒಂದನ್ನೊಂದು ಮೆಲ್ಲನೆ ಒತ್ತಿ. 5 ಸೆಕೆಂಡು ಸಾಕು. ಬಳಿಕ ತಲೆಯ ಹಿಂಬದಿಗೂ ಎರಡೂ ಬದಿಗೂ ಹೀಗೆಯೇ ಮಾಡಿ.

ಮಾಡುವಾಗ ಸ್ವಲ್ಪ ಬಿಗಿತ ಅನಿಸುವುದು ಸಹಜ. ನೋವು ಕೈಗೆ ಇಳಿದರೆ ನಿಲ್ಲಿಸಿ. ಮೊದಲ ಬಾರಿಗೆ ಫಿಸಿಯೋಥೆರಪಿಸ್ಟ್ ಬಳಿ ಕಲಿತು ಮಾಡಿದರೆ ಇನ್ನೂ ಒಳ್ಳೆಯದು.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ: ಎರಡು ವಾರದಲ್ಲಿ ನೋವು ಇಳಿದರೆ ವ್ಯಾಯಾಮವೂ ನಿಲ್ಲುತ್ತದೆ. ಸ್ನಾಯುಗಳಿಗೆ ಬಲ ಬರಲು ವಾರಗಳು, ತಿಂಗಳುಗಳೇ ಬೇಕು. ಅದರೊಂದಿಗೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕಂಪ್ಯೂಟರ್ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಮೊಬೈಲನ್ನು ಮುಖದ ಎತ್ತರಕ್ಕೆ ಹಿಡಿಯಿರಿ.

ವೈದ್ಯರನ್ನು ಯಾವಾಗ ಕಾಣಬೇಕು?

ಬಿದ್ದು ಪೆಟ್ಟಾದ ಬಳಿಕ ನೋವು ಬಂದರೆ, ಕೈಯಲ್ಲಿ ಜೋಮು ಅಥವಾ ಬಲಹೀನತೆ ಇದ್ದರೆ, ನಡೆಯುವಾಗ ತೂರಾಡಿದರೆ, ಮೂತ್ರ ಹಿಡಿತ ತಪ್ಪಿದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ವ್ಯಾಯಾಮ ಆರಂಭಿಸದೆ ತಕ್ಷಣ ವೈದ್ಯರ ಬಳಿ ಹೋಗಿ.

ಉಳಿದವರಿಗೆ ಇದು ದಿನಕ್ಕೆ ಹತ್ತು ನಿಮಿಷದ ಕೆಲಸ. ಇಂದು ರಾತ್ರಿ ಮಲಗುವ ಮುನ್ನವೇ ಆರಂಭಿಸಬಹುದು.