ಒಬ್ಬ ಆಯಾ, ಹಲವು ಹಾಸಿಗೆ

2020ರ ಫೆಬ್ರವರಿ 28. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಎಂಬ ಊರಲ್ಲಿ, ವೃದ್ಧರ ಆರೈಕೆ ಕೇಂದ್ರವೊಂದರ ನಿವಾಸಿಗೆ ಕೋವಿಡ್ ಇರುವುದು ಗೊತ್ತಾಯಿತು. ಮಾರ್ಚ್ 18ರ ಹೊತ್ತಿಗೆ ಆ ಕೇಂದ್ರದ ನಂಟಿದ್ದ ಸೋಂಕಿತರ ಸಂಖ್ಯೆ 167ಕ್ಕೆ ಏರಿತ್ತು. ನಿವಾಸಿಗಳು 101, ಸಿಬ್ಬಂದಿ 50, ನೋಡಲು ಬಂದುಹೋದವರು 16. ಸೋಂಕು ತಗುಲಿದ ನಿವಾಸಿಗಳಲ್ಲಿ ಸರಿಸುಮಾರು ಮೂವರಿಗೆ ಒಬ್ಬರಂತೆ ತೀರಿಕೊಂಡರು.

ಮೈ ಸರಿಯಿಲ್ಲದಿದ್ದರೂ ಸಿಬ್ಬಂದಿ ಕೆಲಸಕ್ಕೆ ಬಂದಿದ್ದರು, ಕೆಲವರು ಒಂದಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ದುಡಿಯುತ್ತಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ಅವರನ್ನು ದೂಷಿಸುವುದು ಸುಲಭ. ಆದರೆ ರಜೆ ಹಾಕಿದರೆ ಸಂಬಳ ಹೋಗುತ್ತದೆ, ಒಂದೇ ಕಡೆ ದುಡಿದರೆ ಮನೆ ನಡೆಯುವುದಿಲ್ಲ ಎಂಬ ಸ್ಥಿತಿಯಲ್ಲಿ ಇರುವವರು ಬೇರೇನು ಮಾಡಿಯಾರು?

ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ಹೊರಳಿಸಬೇಕು, ಮೈ ಒರೆಸಬೇಕು, ಡಯಾಪರ್ ಬದಲಿಸಬೇಕು, ತುತ್ತು ತಿನ್ನಿಸಬೇಕು. ಇದ್ಯಾವುದನ್ನೂ ದೂರ ನಿಂತು ಮಾಡಲಾಗದು. ಕೇಂದ್ರದಲ್ಲಾದರೆ ಅದೇ ಎರಡು ಕೈಗಳು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಇನ್ಫ್ಲುಯೆಂಜಾ, ವಾಂತಿಭೇದಿ ತರುವ ನೊರೊವೈರಸ್, ಕಜ್ಜಿ, ಎಲ್ಲವೂ ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಮುಪ್ಪಿನಲ್ಲಿ ಕೆಲವೊಮ್ಮೆ ಜ್ವರವೂ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ. ಊಟ ಬಿಡುವುದು, ಮಂಕಾಗುವುದೇ ಮೊದಲ ಸುಳಿವಾಗಬಹುದು. ವಾಷಿಂಗ್ಟನ್ ರಾಜ್ಯದ ಇನ್ನೊಂದು ಕೇಂದ್ರದಲ್ಲಿ 76 ನಿವಾಸಿಗಳನ್ನು ಪರೀಕ್ಷಿಸಿದಾಗ 48 ಮಂದಿಗೆ ಕೋವಿಡ್ ಸೋಂಕಿತ್ತು. ಅವರಲ್ಲಿ 27 ಮಂದಿಗೆ ಆಗ ಯಾವ ಲಕ್ಷಣವೂ ಇರಲಿಲ್ಲ. ರೋಗಲಕ್ಷಣ ಕಂಡವರನ್ನಷ್ಟೇ ಬೇರೆ ಇರಿಸುವ ಹಳೆಯ ಕ್ರಮ ಅಲ್ಲಿ ಸೋತಿತು.

ಕೋಣೆಯ ಲೆಕ್ಕವೂ ಇದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಆರೈಕೆ ಕೇಂದ್ರಗಳಲ್ಲಿ ನಾಲ್ಕು ಹಾಸಿಗೆಯ ಕೋಣೆಗಳನ್ನೆಲ್ಲ ಎರಡು ಹಾಸಿಗೆಗೆ ಇಳಿಸಿದ್ದರೆ ಅಲ್ಲಿನ ಕೋವಿಡ್ ಪ್ರಕರಣಗಳಲ್ಲಿ ಸುಮಾರು ಶೇಕಡಾ 19ರಷ್ಟು ತಪ್ಪುತ್ತಿದ್ದವು ಎಂದು ಸಂಶೋಧಕರು ಅಂದಾಜಿಸಿದರು. ಸಿಬ್ಬಂದಿಯ ಓಡಾಟದ ವಿಷಯದಲ್ಲಿ, ಅದೇ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವಂತೂ 2020ರ ಮಾರ್ಚ್‌ನಲ್ಲೇ, ಸಿಬ್ಬಂದಿ ಒಂದೇ ಕೇಂದ್ರದಲ್ಲಿ ಕೆಲಸ ಮಾಡಬೇಕೆಂದು ಆದೇಶಿಸಿತು. ಅದು ಸರಿಯಾದ ನಿರ್ಧಾರ.

ಹಾಗಾದರೆ ಮನೆಯೇ ಕ್ಷೇಮವೇ? ಒಂದು ಮಟ್ಟಿಗೆ ಹೌದು. ಸೋಂಕು ಹೊತ್ತು ತರುವವರು ಕಡಿಮೆ, ಒಬ್ಬರಿಗೆ ಬಂದದ್ದು ನಲವತ್ತು ಜನರಿಗೆ ಹರಡುವುದಿಲ್ಲ. ಆದರೆ ಮನೆಯ ಗೋಡೆಗೆ ವಿಶೇಷ ಶಕ್ತಿಯೇನೂ ಇಲ್ಲ. ಬೆಳಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು ಮನೆ ಎಂದು ಓಡಾಡುವ ಹೋಮ್ ನರ್ಸ್ ಇದ್ದರೆ ಆ ಮನೆಗಳೆಲ್ಲ ಒಂದೇ ಕೇಂದ್ರದ ಕೋಣೆಗಳಾಗಿಬಿಡುತ್ತವೆ. ಶಾಲೆಯಿಂದ ಬರುವ ಮೊಮ್ಮಗ ನೆಗಡಿ ತರುತ್ತಾನೆ. ಇನ್ನು ಮೂತ್ರದ ಕ್ಯಾಥೆಟರ್, ಹಾಸಿಗೆ ಹುಣ್ಣು, ಶ್ವಾಸಕೋಶಕ್ಕೆ ಇಳಿದ ಗಂಜಿ ಇವುಗಳಿಂದ ಹುಟ್ಟುವ ಸೋಂಕಿಗೆ ಮನೆ, ಕೇಂದ್ರ ಎಂಬ ಭೇದವಿಲ್ಲ. ಕೇಂದ್ರದಲ್ಲಾದರೆ ಇವನ್ನು ಗುರುತಿಸಬಲ್ಲ ತರಬೇತಾದ ನರ್ಸ್ ಇರಬಹುದು. ಮನೆಯಲ್ಲಿ ಎಷ್ಟೋ ಸಲ ಅದು ದಣಿದ ಸೊಸೆಯ ಕಣ್ಣಿಗೆ ಬಿಟ್ಟ ವಿಷಯ.

ನಿಮ್ಮ ಮನೆಯಲ್ಲೂ ಹಿರಿಯರನ್ನು ನೋಡಿಕೊಳ್ಳಲು ಯಾರಾದರೂ ಬರುತ್ತಿದ್ದರೆ, ಇನ್ಫ್ಲುಯೆಂಜಾ ಲಸಿಕೆಯನ್ನು ಹಿರಿಯರ ಜೊತೆ ಅವರಿಗೂ ನಿಮ್ಮ ಖರ್ಚಿನಲ್ಲೇ ಹಾಕಿಸಿ. ಬಂದ ಕೂಡಲೇ ಕೈ ತೊಳೆಯಲು ಸೋಪು, ನೀರು ಕೈಗೆಟುಕುವಂತಿರಲಿ. ಅವರಿಗೆ ಜ್ವರ ಬಂದ ದಿನ ಸಂಬಳ ಹಿಡಿಯದೆ ರಜೆ ಕೊಡಿ.