ಬೈಕಿನ ಹಲ್ಲು ಎಣಿಸುವ ಬಗೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ತಾತ ಎತ್ತು ಕೊಳ್ಳಲು ಹೊರಟಾಗ ನಾನೂ ಎರಡು ಬಾರಿ ಜೊತೆಗೆ ಹೋದದ್ದುಂಟು. ಅವರು ಮೊದಲು ಎತ್ತನ್ನು ನೋಡುತ್ತಿರಲಿಲ್ಲ, ಮಾರುವವನ ಮುಖ ನೋಡುತ್ತಿದ್ದರು. ಆಮೇಲೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಮೈಮೇಲಿನ ಸುಳಿ ಹುಡುಕುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು. ಕೊನೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು. ಈ ವಿದ್ಯೆಯೆಲ್ಲ ತಾತನ ಜೊತೆಗೇ ಮುಗಿಯಿತು ಎಂದುಕೊಂಡಿದ್ದೆ. ‘ಅಪ್ಪ, ಒಂದು ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ತಗೋತೀನಿ, ದುಡ್ಡು ನಂದೇ’ ಎಂದು ಮಗ ಹೇಳಿದ ದಿನ ಅದು ಮತ್ತೆ ನೆನಪಿಗೆ ಬಂತು.

ದುಡ್ಡು ತನ್ನದೇ ಎಂದ ಮೇಲೆ ಬೇಡವೆನ್ನುವ ಅಧಿಕಾರ ಅರ್ಧ ಹೋದಂತೆಯೇ. ಉಳಿದರ್ಧವೂ ನನಗಿರಲಿಲ್ಲ. ಅವನ ವಯಸ್ಸಿನಲ್ಲಿ ನಾನು ಅಪ್ಪನ ಮಾತು ಮೀರಿ ಯೆಜ್ಡಿ ರೋಡ್‌ಕಿಂಗ್ ಕೊಂಡವನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ, ಜೋಡಿ ಸೈಲೆನ್ಸರಿನ ಆ 250 ಸಿಸಿ ಗಾಡಿಯೇ ನಮ್ಮ ಕಾಲದ ಸ್ಪೋರ್ಟ್ಸ್ ಬೈಕು. ಕಾರ್ಖಾನೆ 1996ರಲ್ಲಿ ಮುಚ್ಚಿತು, ನನ್ನ ಹುಚ್ಚು ಅದಕ್ಕೂ ಮೊದಲೇ ಬಿಟ್ಟಿತ್ತು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ರೋಡ್‌ಕಿಂಗಿನದು ಸುಮಾರು 16 ಅಶ್ವಶಕ್ತಿ. ಮಗ ಮೊದಲು ಆಸೆಪಟ್ಟ ಕೆಟಿಎಂ ಆರ್‌ಸಿ 390ರ ಶಕ್ತಿ 43ರ ಆಸುಪಾಸು. ನಾವು ಓಡಾಡಿದ ರಸ್ತೆ ಅಂದಿನಷ್ಟೇ ಅಗಲವಾಗಿದೆ, ಅದರ ಮೇಲಿನ ವಾಹನಗಳು ಎಷ್ಟು ಪಟ್ಟಾಗಿವೆಯೋ ಲೆಕ್ಕವಿಟ್ಟವರಿಗೇ ಗೊತ್ತು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಈ ಅಂಕಿಯನ್ನು ನಾನು ಊಟಕ್ಕೆ ಕುಳಿತಾಗ ಓದಿ ಹೇಳಿದೆ. ನನ್ನಾಕೆ ತಟ್ಟೆ ಬಿಟ್ಟು ಎದ್ದಳು. 390ರ ಮಾತು ಆ ರಾತ್ರಿಯೇ ಕೊನೆಯಾಯಿತು.

ಒಂದು ಷರತ್ತನ್ನು ಮಾತ್ರ ನಾನು ಸಡಿಲಿಸಲಿಲ್ಲ: ಎಬಿಎಸ್ ಇಲ್ಲದ ಗಾಡಿ ಬೇಡ. ಗಾಬರಿಯಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಈ ವ್ಯವಸ್ಥೆ, 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಎಲ್ಲ ಹೊಸ ಬೈಕುಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಸ್ಪೋರ್ಟ್ಸ್ ಬೈಕುಗಳು ಅಗ್ಗಕ್ಕೆ ಸಿಗುತ್ತವೆ. ಆ ಅಗ್ಗ ನಮಗೆ ಬೇಕಿರಲಿಲ್ಲ.

ಮುಂದಿನದು ನಮ್ಮ ಹಳೆಯ ಮೆಕ್ಯಾನಿಕ್ಕಿನ ಪಾಠ. ವಿಲ್ಸನ್ ಗಾರ್ಡನ್ನಿನ ಅವರನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ‘ಪೇಂಟ್ ನೋಡ್ಬೇಡಿ ಸಾರ್, ಕೆಳಗೆ ಕೂತ್ಕೊಂಡು ನೋಡಿ’ ಎಂದರು. ಸ್ಪೋರ್ಟ್ಸ್ ಬೈಕಿನ ಕಷ್ಟವೇ ಇದು. ಅದರ ಮೈಗೆಲ್ಲ ಪ್ಲಾಸ್ಟಿಕ್ಕಿನ ಕವಚ. ಬಿದ್ದು ಒಡೆದ ಕವಚವನ್ನು ಬದಲಿಸಿ ಹೊಸ ಸ್ಟಿಕ್ಕರ್ ಅಂಟಿಸಿದರೆ ಮದುವಣಗಿತ್ತಿಯಂತೆ ಕಾಣುತ್ತದೆ. ಆದರೆ ಹ್ಯಾಂಡಲ್ಲಿನ ತುದಿ, ಬ್ರೇಕ್ ಲಿವರಿನ ಉಂಡೆ, ಕಾಲಿಡುವ ಪೆಗ್ಗಿನ ಅಂಚು ಇವುಗಳನ್ನು ಬದಲಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಅದು ಚಾಸಿಗೆ ತಾಗಿ ನಿಲ್ಲುವ ಪುಟ್ಟ ಕಬ್ಬಿಣದ ತಡೆ. ಅದು ಜಜ್ಜಿದ್ದರೆ, ಬಾಗಿದ್ದರೆ, ಗಾಡಿ ಮುಂದಿನಿಂದ ಜೋರಾಗಿ ಹೊಡೆದಿದೆ ಎಂದೇ ಅರ್ಥ. ಎತ್ತಿನ ಮೈಮೇಲಿನ ಕೆಟ್ಟ ಸುಳಿಯ ಹಾಗೆ; ಇಷ್ಟು ಚಿಕ್ಕದು, ಕಂಡ ಮೇಲೆ ಬೇರೇನೂ ಕಾಣುವುದಿಲ್ಲ.

ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮೊದಲು ಅಂಗೈಯಿಟ್ಟು ನೋಡಬೇಕು. ನಾವು ನೋಡಿದ ಒಂದು ಗಾಡಿಯ ಎಂಜಿನ್ ಮುಟ್ಟಿದರೆ ಬೆಚ್ಚಗಿತ್ತು. ನಾವು ಬರುವ ಮುನ್ನವೇ ಶುರು ಮಾಡಿ ಕಾಯಿಸಿಟ್ಟಿದ್ದರು. ತಣ್ಣನೆಯ ಎಂಜಿನ್ನಿನಲ್ಲಿ ಹೊರಬೀಳುವ ನೀಲಿ ಹೊಗೆ, ಕಟಕಟ ಸದ್ದು ಬಿಸಿಯಾದ ಮೇಲೆ ಅಡಗಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: 2219 ಎಂದಿದ್ದರೆ 2019ರ ಇಪ್ಪತ್ತೆರಡನೆಯ ವಾರದಲ್ಲಿ ತಯಾರಾದದ್ದು. ಎಂಟು ಸಾವಿರ ಕಿಲೋಮೀಟರ್ ಓಡಿದೆಯೆಂದು ಮೀಟರ್ ಹೇಳುವ ಬೈಕಿನ ಚೈನ್ ಚಕ್ರದ ಹಲ್ಲುಗಳು ಸವೆದು ಮೊನಚಾಗಿದ್ದರೆ ಮೀಟರಿಗಿಂತ ಹಲ್ಲನ್ನು ನಂಬಬೇಕು. ತಾತ ಇದ್ದಿದ್ದರೆ ಅವರಿಗೆ ಈ ಮಾತನ್ನು ವಿವರಿಸಬೇಕಾಗಿರಲಿಲ್ಲ.

ಎರಡು ಭಾನುವಾರ ಐದು ಗಾಡಿ ನೋಡಿದೆವು. ನಾಲ್ಕನೆಯದು ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ, ಹೊದಿಕೆಯೊಳಗೆ ನಿಂತಿತ್ತು. ಕೆಂಪು ಬಣ್ಣ, ಒಂದು ಗೀರಿಲ್ಲ. ಮಗನ ಕಣ್ಣು ಅರಳಿತು. ಮಾರಲು ನಿಂತಿದ್ದವರು ನನ್ನದೇ ವಯಸ್ಸಿನವರು. ನಾನು ಕುಕ್ಕರಗಾಲಲ್ಲಿ ಕುಳಿತು ಹ್ಯಾಂಡಲ್ ತಿರುಗಿಸಿದೆ. ಬಲಗಡೆಯ ತಡೆ ಜಜ್ಜಿತ್ತು. ವಿಮೆಯ ಪಾಲಿಸಿ ಕೇಳಿದೆ. ನೋ ಕ್ಲೈಮ್ ಬೋನಸ್ ಎದುರು ಸೊನ್ನೆ. ಹಳೆಯ ಗಾಡಿಗೆ ಸೊನ್ನೆ ಎಂದರೆ ಸಾಮಾನ್ಯವಾಗಿ ಹಿಂದಿನ ವರ್ಷ ಪರಿಹಾರ ಪಡೆದಿದ್ದಾರೆ ಎಂದು. ಹತ್ತು ಸಾವಿರವಾದರೂ ಇಳಿಸಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ‘ಏನಾಗಿತ್ತು ಸಾರ್?’ ಎಂದೆ.

ಅವರು ಮುಚ್ಚಿಡಲಿಲ್ಲ. ‘ನಮ್ಮ ಹುಡುಗ ಸಾರ್. ಮಳೆ ಬಂದಿತ್ತು, ಡಿವೈಡರಿಗೆ ಹೊಡೆದ. ತೊಡೆಯಲ್ಲಿ ರಾಡ್ ಹಾಕಿದಾರೆ, ಈಗ ನಡೀತಾನೆ. ಗಾಡಿ ರಿಪೇರಿ ಮಾಡಿಸಿದ್ದೂ ಅವನೇ. ಅವರಮ್ಮ ಲಿಫ್ಟ್ ಹತ್ತೋವಾಗ ಈ ಕಡೆ ತಿರುಗಲ್ಲ’ ಎಂದರು. ಒಂದು ಗಳಿಗೆ ಬಿಟ್ಟು ಅವರೇ ಹದಿನೈದು ಸಾವಿರ ಇಳಿಸಿದರು. ಟವೆಲಿನ ಮರೆಯಲ್ಲಿ ಹಿಡಿಯಲು ನನ್ನಲ್ಲಿ ಬೆರಳೇ ಉಳಿದಿರಲಿಲ್ಲ. ನನ್ನ ಮಗ ಹೊದಿಕೆಯನ್ನು ತಾನೇ ಎಳೆದು, ಕನ್ನಡಿಗೆ ಸಿಕ್ಕಿಕೊಂಡ ಅಂಚನ್ನು ಬಿಡಿಸಿ, ಮುಚ್ಚಿದ. ಮನೆಯವರೆಗೆ ಇಬ್ಬರೂ ಮಾತಾಡಲಿಲ್ಲ.

ಕೊಂಡದ್ದು ಐದನೆಯದನ್ನು. 2019ರ ಯಮಹಾ ಆರ್15, 155 ಸಿಸಿ, ಎರಡೂ ಚಕ್ರಕ್ಕೆ ಎಬಿಎಸ್. ಎಡಗಡೆ ಕವಚದಲ್ಲಿ ಉದ್ದನೆಯ ಗೀರಿತ್ತು, ಯಾರೂ ಅದನ್ನು ಮರೆಮಾಡಲು ಹೋಗಿರಲಿಲ್ಲ. ಗೇಟಿಗೆ ಉಜ್ಜಿದ್ದೆಂದು ಹುಡುಗ ತಾನಾಗಿಯೇ ಹೇಳಿದ. ಹ್ಯಾಂಡಲ್ ತಡೆ ನೆಟ್ಟಗಿತ್ತು. ಚಾಸಿ ಸಂಖ್ಯೆ ಆರ್‌ಸಿಗೆ ಹೊಂದುತ್ತಿತ್ತು. ಬ್ಯಾಂಕಿನ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಅಡಮಾನದ ನಮೂದು ಹಾಗೆಯೇ ಇತ್ತು. ಬ್ಯಾಂಕಿನಿಂದ ಎನ್‌ಒಸಿ, ನಮೂನೆ 35 ತಂದು ಅದನ್ನು ತೆಗೆಸಿದ ಮೇಲೆಯೇ ಹಣ ಕೊಡುವುದೆಂದೆ.

ವರ್ಗಾವಣೆಗೆ ನಮೂನೆ 29 ಮತ್ತು 30. ‘ಸಹಿ ಹಾಕಿ ಕೊಟ್ಬಿಡ್ತೀನಿ ಅಂಕಲ್, ನೀವು ನಿಧಾನವಾಗಿ ಮಾಡಿಸ್ಕೊಳ್ಳಿ’ ಎಂದ ಹುಡುಗ. ನಮ್ಮಲ್ಲಿ ಹಳೆಯ ಗಾಡಿಗಳ ಮಾರಾಟ ನಡೆಯುವುದೇ ಹೀಗೆ. ತಾರೀಖಿಲ್ಲದ ಸಹಿ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ. ಗಾಡಿ ಮಾರಿಯಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದನ್ನು ವಿವರಿಸಿದಾಗ ಹುಡುಗನ ಮುಖ ಬಿಳಿಚಿತು. ಈ ಹಿಂದೆ ಅವನು ಒಂದು ಸ್ಕೂಟರನ್ನೂ ಹೀಗೆಯೇ ಮಾರಿದ್ದನಂತೆ, ಕೊಂಡವನ ಫೋನ್ ನಂಬರೂ ಈಗ ಇಲ್ಲವಂತೆ.

ಗಾಡಿ ಮನೆಗೆ ಬಂದ ದಿನ ನನ್ನಾಕೆ ಚಕ್ರದಡಿ ನಿಂಬೆಹಣ್ಣು ಇಟ್ಟಳು. ಮಗ ಹಣ ಕೂಡಿಸಿ ಕೊಂಡಿದ್ದ ಹೆಲ್ಮೆಟ್ಟು, ಜಾಕೆಟ್ಟು ಸೋಫಾದ ಮೇಲಿದ್ದವು. ವಿಮೆ, ಆರ್‌ಸಿ ಅವನ ಹೆಸರಿಗೆ ಬದಲಾಗಿ ಬರುವವರೆಗೆ ಬೀಗದಕೈ ನನ್ನ ಅಂಗಿಯ ಜೇಬಿನಲ್ಲಿತ್ತು. ಒಂದು ಬೆಳಗಿನ ಜಾವ, ಯಾರೂ ಎದ್ದಿರದಾಗ, ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಹ್ಯಾಂಡಲ್ ತಗ್ಗು, ಸೊಂಟ ಹಿಡಿಯಿತು.