ಹಾಡು ಒಂದು, ಲಿಪಿ ಹಲವು

ನಮ್ಮ ಸೋದರತ್ತೆಯವರು ಹಾಡಿದ ಹಸೆಯ ಹಾಡುಗಳನ್ನು ನಾವು ೨೦೦೬ರಲ್ಲಿ ಒಂದು ಕೈಯಂತ್ರದಲ್ಲಿ ಮುದ್ರಿಸಿಕೊಂಡಿದ್ದೆವು. ಅವರು ಈಗಿಲ್ಲ, ಯಂತ್ರವೂ ಕೆಟ್ಟುಹೋಯಿತು. ಕಂಪ್ಯೂಟರಿಗೆ ತೆಗೆದಿರಿಸಿದ ಫೈಲುಗಳು ಮಾತ್ರ ಉಳಿದಿದ್ದುವಾದರೂ ಮನೆಯ ಯಾವ ಫೋನೂ ಅವನ್ನು ನುಡಿಸಲೊಲ್ಲದು. ಇಂತಹ ಸಂಕಟವು ಇತರ ಗೃಹಸ್ಥರಿಗೆ ಬಾರದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸಂಗೀತಕ್ಕೆ ಸುಮಾರು ೧೪ ಲಕ್ಷ ಬಿಟ್‌ಗಳು ಬೇಕು. ೧೯೯೮ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರಿಯೋ ಎಂಬ ಜೇಬಿನ ಯಂತ್ರಕ್ಕಿದ್ದುದು ೩೨ ಮೆಗಾಬೈಟ್ ಸ್ಥಳ. ಅಷ್ಟರಲ್ಲಿ ಸಿ.ಡಿ.ಯ ಸಂಗೀತವು ಮೂರು ನಿಮಿಷಕ್ಕೇ ತುಂಬಿಬಿಡುವುದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮತ್ತಿತರರು ರೂಪಿಸಿದ ಎಂಪಿ೩ ಪದ್ಧತಿಯು, ದೊಡ್ಡ ಧ್ವನಿಯ ಮರೆಯಲ್ಲಿ ಕಿವಿಗೆ ತಿಳಿಯದೆ ಹೋಗುವ ಸಣ್ಣ ಧ್ವನಿಗಳನ್ನು ಬಿಟ್ಟು, ಅದೇ ಸ್ಥಳದಲ್ಲಿ ಅರ್ಧ ಗಂಟೆಯ ಸಂಗೀತವನ್ನು ಹಿಡಿಸಿತು.

ಆದರೆ ಪ್ರತಿಯೊಂದು ಸಂಸ್ಥೆಯೂ ತನ್ನದೇ ಪದ್ಧತಿಯನ್ನು ಹಿಡಿಯಿತು. ಸೋನಿಯ ಮೊದಲ ನೆಟ್‌ವರ್ಕ್ ವಾಕ್‌ಮನ್‌ಗಳಿಗೆ ಎಂಪಿ೩ ಹಾಡನ್ನೂ ಅಟ್ರಾಕ್ ಪದ್ಧತಿಗೆ ತಿರುಗಿಸಿಯೇ ತುಂಬಬೇಕಾಗಿತ್ತು. ಮೈಕ್ರೋಸಾಫ್ಟಿನ ಡಬ್ಲ್ಯುಎಂಎ ಹಾಡು ಆಪಲ್‌ನ ಐಪಾಡಿಗೆ ತಿಳಿಯದು. ತಿಗಳಾರಿ ಲಿಪಿಯ ತಾಳೆಗರಿಯಲ್ಲಿರುವುದು ಬಾಯಿಪಾಠವಾದ ಶ್ಲೋಕವೇ ಆದರೂ, ಕನ್ನಡ ಲಿಪಿಯನ್ನು ಮಾತ್ರ ಬಲ್ಲವನಿಗೆ ಅದನ್ನು ಓದಲಾಗದಲ್ಲವೆ? ಇದೂ ಹಾಗೆಯೇ.

ಲಿಪಿಯ ಮೇಲೆ ಬೀಗವೂ ಇತ್ತು. ಮೈಕ್ರೋಸಾಫ್ಟ್ ೨೦೦೬ರಲ್ಲಿ ಹೊರತಂದ ಝೂನ್ ಯಂತ್ರವು, ಅದೇ ಸಂಸ್ಥೆಯ ಹಿಂದಿನ ಬೀಗವಿದ್ದ ಹಾಡುಗಳನ್ನೇ ನುಡಿಸಲಿಲ್ಲ! ಆಪಲ್ ತನ್ನ ಅಂಗಡಿಯ ಹಾಡುಗಳ ಬೀಗವನ್ನು ತೆಗೆದುದು ೨೦೦೯ರಲ್ಲಿ.

ಆದುದರಿಂದ ಗೃಹಸ್ಥರು ಗಮನಿಸಬೇಕಾದುದಿಷ್ಟು. ಫೈಲಿನ ಹೆಸರಿನ ಕೊನೆಯನ್ನು ಎಂಪಿ೩ ಎಂದು ತಿದ್ದಿದ ಮಾತ್ರಕ್ಕೆ ಅದು ಎಂಪಿ೩ ಆಗದು. ಪುಸ್ತಕದ ರಟ್ಟನ್ನು ಬದಲಿಸಿದರೆ ಒಳಗಿನ ಭಾಷೆಯು ಬದಲಾಗುವುದೆ? ಯಂತ್ರವನ್ನು ಕೊಳ್ಳುವ ಮೊದಲು ಅದು ಯಾವ ಯಾವ ಪದ್ಧತಿಗಳನ್ನು ಬಲ್ಲದೆಂದು ವಿಚಾರಿಸತಕ್ಕದ್ದು. ಧ್ವನಿಯನ್ನು ಬಿಟ್ಟು ಕಿರಿದುಮಾಡುವ ಒಂದು ಪದ್ಧತಿಯಿಂದ ಅಂತಹುದೇ ಇನ್ನೊಂದಕ್ಕೆ ತಿರುಗಿಸಿದಾಗಲೆಲ್ಲ ಅಷ್ಟಿಷ್ಟು ಧ್ವನಿಯು ನಷ್ಟವಾಗುವುದರಿಂದ, ಮೂಲವನ್ನು ಎಂದಿಗೂ ಅಳಿಸಕೂಡದು. ಮನೆಯ ಸಂಗ್ರಹಕ್ಕೆ ಫ್ಲಾಕ್ ಎಂಬ ಮುಕ್ತ ಪದ್ಧತಿಯು ಉತ್ತಮ. ಹಿಂದೆ ಹೋದ ಧ್ವನಿಯನ್ನು ಅದು ಮರಳಿ ತರಲಾರದು. ಉಳಿದುದನ್ನು ಮಾತ್ರ ಎಳ್ಳಷ್ಟೂ ಕಳೆಯದು. ಜೇಬಿನಲ್ಲಿ ಒಯ್ಯುವ ಪ್ರತಿಗೆ ಎಂಪಿ೩ ಸಾಕು. ಬಹುಮಟ್ಟಿಗೆ ಎಲ್ಲ ಯಂತ್ರಗಳೂ ಅದನ್ನು ಬಲ್ಲವು.

ನಮ್ಮ ಕಥೆಯು ಮುಗಿದ ಬಗೆಯನ್ನೂ ಹೇಳಿಬಿಡುವೆವು. ಬಂಧುಗಳೊಬ್ಬರ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಆ ಕೈಯಂತ್ರದ ತಂತ್ರಾಂಶವು ಅದೃಷ್ಟವಶಾತ್ ಉಳಿದಿತ್ತು. ಹನ್ನೊಂದು ಹಾಡುಗಳಲ್ಲಿ ಒಂಬತ್ತು ದೊರೆತುವು. ಉಳಿದೆರಡರ ಫೈಲುಗಳು ಕೆಟ್ಟಿದ್ದುವು. ಆ ಹಾಡುಗಳನ್ನು ಬಲ್ಲವರು ನಮ್ಮ ಮನೆತನದಲ್ಲಿ ಈಗ ಯಾರೂ ಇಲ್ಲ. ವಾಚಕರ ಮನೆಯಲ್ಲಿಯೂ ಅಂತಹ ಹಳೆಯ ಯಂತ್ರವಿದ್ದಲ್ಲಿ, ಅದು ನುಡಿಯುತ್ತಿರುವಾಗಲೇ ಹಾಡುಗಳನ್ನು ಹೊರತೆಗೆದಿರಿಸಿಕೊಳ್ಳಲಿ.